ಮೇಲೆ ಗುಮ್ಮಟ, ಕೆಳಗೆ ನೀರು

ವಿಜಯಪುರ ಅಂದ ಕೂಡಲೇ ಎಲ್ಲರ ಕಣ್ಣೂ ಮೇಲಕ್ಕೇ ಹೋಗ್ತದೆ, ಗೋಳಗುಮ್ಮಟದ ಕಡೆ. ಇವತ್ತಿನ ಎಪಿಸೋಡ್ ಮಾತ್ರ ನೆಲದ ಕೆಳಗಿನದ್ದು. ಒಂದು ದಿನ ಬೈಕ್ ತಗೊಂಡು ತೊರವಿ, ತಿಕೋಟಾ, ಮಮದಾಪುರ, ಬಬಲೇಶ್ವರ ಸುತ್ತಿ ಬಂದೆ. ತಲೆಯಲ್ಲಿದ್ದ ಪ್ರಶ್ನೆ ಒಂದೇ: ಮಳೆ ಪದೇ ಪದೇ ಕೈಕೊಡೋ ಈ ಬಯಲಿನಲ್ಲಿ, ಪಕ್ಕದಲ್ಲಿ ದೊಡ್ಡ ನದಿ ಇಲ್ಲದೆ, ಆದಿಲ್ ಶಾಹಿ ರಾಜಧಾನಿ ಸುಮಾರು ಎರಡು ನೂರು ವರ್ಷ ಏನು ಕುಡಿದು ಬದುಕಿತು?

ಉತ್ತರ ಶುರುವಾಗೋದು ಊರಿನ ಪಶ್ಚಿಮಕ್ಕಿರುವ ತೊರವಿ ಕಡೆ. ಇಲ್ಲಿ ಸುರಂಗ ಬಾವಡಿ ಇದೆ. ಎತ್ತರದ ನೆಲದಲ್ಲಿ ನೀರು ಹಿಡಿದು, ಸುರಂಗ ಕೊರೆದು, ಊರಿನ ಕಡೆಗೆ ಹರಿಸುವ ವ್ಯವಸ್ಥೆ ಇದು. ಹೆಸರು ಕರೇಜ್. ಮೂಲ ಇರಾನ್ ಕಡೆಯ ತಂತ್ರ, ನಮ್ಮ ಬೀದರ್‌ನಲ್ಲೂ ಇದೆ. ಸುರಂಗಕ್ಕೆ ತುಸುವೇ ಇಳಿಜಾರು ಕೊಡ್ತಾರೆ. ಅಲ್ಲಲ್ಲಿ ಮೇಲಿಂದ ಬಾವಿಯಂಥ ಕಿಂಡಿಗಳು: ಗಾಳಿ ಬೆಳಕಿಗೆ, ಒಳಗಿಳಿದು ಹೂಳು ತೆಗೆಯೋದಕ್ಕೆ. ಮೋಟರ್ ಇಲ್ಲ, ಕರೆಂಟ್ ಬಿಲ್ ಇಲ್ಲ. ನೀರು ನೆಲದೊಳಗೇ ಹರಿಯೋದ್ರಿಂದ ಬಿಸಿಲಿಗೆ ಆರಿಹೋಗೋದೂ ಕಡಿಮೆ.

ಅದೇ ತೊರವಿಯಲ್ಲಿ ಇನ್ನೊಂದು ಕಥೆ. ಎರಡನೇ ಇಬ್ರಾಹಿಂ ಆದಿಲ್ ಶಾಹ, ಸಂಗೀತದ ಹುಚ್ಚಿನ ದೊರೆ, 1599ರಲ್ಲಿ ಇಲ್ಲಿ ನೌರಸಪುರ ಅನ್ನೋ ಹೊಸ ಊರು ಕಟ್ಟಿಸೋಕೆ ಹೊರಟ. 1624ರಲ್ಲಿ ಅಹಮದ್‌ನಗರದ ಮಲಿಕ್ ಅಂಬರ್ ದಾಳಿ ಮಾಡಿ ಅದನ್ನು ಹಾಳುಗೆಡವಿದ. ಸಂಗೀತ ಮಹಲಿನ ಕಮಾನುಗಳು ಇವತ್ತಿಗೂ ಬಯಲಿನಲ್ಲಿ ನಿಂತಿವೆ. ದೊರೆಯ ಕನಸಿನ ಊರು ಇಪ್ಪತ್ತೈದು ವರ್ಷಕ್ಕೇ ಮುಗೀತು. ನೀರಿನ ಕೆಲಸ ಮಾತ್ರ ಆ ರಾಜಮನೆತನಕ್ಕಿಂತಲೂ ಹೆಚ್ಚು ಕಾಲ ಉಳಿಯಿತು.

ಅಲ್ಲಿಂದ ಅಥಣಿ ರಸ್ತೆ ಹಿಡಿದರೆ ತಿಕೋಟಾ. ಎರಡೂ ಕಡೆ ದ್ರಾಕ್ಷಿ ತೋಟ, ನಡುನಡುವೆ ಒಣದ್ರಾಕ್ಷಿ ಮಾಡೋ ಶೆಡ್ಡುಗಳು. ಇಲ್ಲಿ ಬೆಟ್ಟ ಇಲ್ಲ. ಕಣ್ಣು ಹರಿದಷ್ಟು ದೂರ ಬಯಲು, ಮೇಲೆ ಆಕಾಶ, ಅಷ್ಟೇ. ಆದ್ರೆ ನೋಡ್ತಾ ನಿಂತರೆ ನೆಲದ ಸಣ್ಣ ಸಣ್ಣ ಏರಿಳಿತ ಕಾಣ್ತವೆ. ಹಳಬರು ನೀರು ಹರಿಸಿದ್ದು ಆ ಏರಿಳಿತ ಓದಿಯೇ. ನಾವು ಬೋರ್‌ವೆಲ್ ಬಂದ ಮೇಲೆ ನೆಲ ಓದೋದು ಬಿಟ್ಟು, ನೆಲ ಕೊರೆಯೋದು ಕಲಿತೆವು.

ಮಮದಾಪುರದಲ್ಲಿ ಮಹಮ್ಮದ್ ಆದಿಲ್ ಶಾಹನ ಕಾಲದ ಎರಡು ಕೆರೆಗಳಿವೆ, ಒಂದು ದೊಡ್ಡದು, ಒಂದು ಸಣ್ಣದು. ಗೋಳಗುಮ್ಮಟದೊಳಗೆ ಮಲಗಿರೋದು ಇದೇ ದೊರೆ. ದಂಡೆ ಮೇಲೆ ಕೂತಿದ್ದ ಅಜ್ಜಾರೊಬ್ಬರು, "ನಾವು ಸಣ್ಣವರಿದ್ದಾಗ ಇದರಾಗ ದನ ಮೇಯಿಸ್ತಿದ್ವಿ ತಮ್ಮಾ" ಅಂದ್ರು. ಈಗ ಕೃಷ್ಣಾ ನದಿಯ ನೀರನ್ನು ಏತ ನೀರಾವರಿಯಿಂದ ಮೇಲೆತ್ತಿ ಈ ಭಾಗದ ಕೆರೆಗಳನ್ನು ತುಂಬಿಸ್ತಾರೆ. ತುಬಚಿ-ಬಬಲೇಶ್ವರ ಯೋಜನೆಯ ಹೆಸರು ನೀವೂ ಕೇಳಿರ್ತೀರಿ. ಪಂಪು ಈ ಕಾಲದ್ದು. ಆದ್ರೆ ಮಮದಾಪುರದಲ್ಲಿ ಆ ನೀರು ನಿಲ್ಲೋದು 17ನೇ ಶತಮಾನದ ಪಾತ್ರೆಯಲ್ಲಿ. ಆ ಕೆರೆ ಅಂಗಳವನ್ನು ಯಾರಾದರೂ ಪ್ಲಾಟ್ ಮಾಡಿ ಮಾರಿದ್ದರೆ ಇವತ್ತು ನೀರು ತಂದು ಎಲ್ಲಿ ಬಿಡ್ತಿದ್ವಿ?

ಬಬಲೇಶ್ವರ ದಾಟಿ ವಾಪಸ್ ಊರು ಸೇರುವಾಗ ದಕ್ಷಿಣಕ್ಕೆ ಬೇಗಂ ತಲಾಬ್, 1651ರದ್ದು. ಇದರ ನೀರು ಮಣ್ಣಿನ ಕೊಳವೆಗಳಲ್ಲಿ ಊರೊಳಗೆ ಹೋಗ್ತಿತ್ತು. ದಾರಿಯುದ್ದಕ್ಕೂ 'ಗಂಜ್' ಅನ್ನೋ ಕಲ್ಲಿನ ಗೋಪುರಗಳು. ನೀರಿನ ಒತ್ತಡ ತಗ್ಗಿಸಿ, ಕೆಸರು ತಳದಲ್ಲಿ ಕೂರೋ ಹಾಗೆ ಮಾಡೋದು ಅವುಗಳ ಕೆಲಸ. ಎಷ್ಟೋ ಜನ ಅವನ್ನು ಕಾವಲು ಗೋಪುರ ಅಂದ್ಕೊಂಡು ಮುಂದೆ ಹೋಗ್ತಾರೆ.

ನಾನು ಓದಿದ್ದು ಬಿ.ಕಾಂ. ಅಲ್ಲಿ ಮೊದಲ ವರ್ಷವೇ ಹೇಳಿಕೊಡ್ತಾರೆ: ಆಸ್ತಿ ಅಂದ್ಮೇಲೆ ಸವಕಳಿ ಇರ್ತದೆ, ರಿಪೇರಿಗೆ ದುಡ್ಡು ತೆಗೆದಿಡಬೇಕು. ಗುಮ್ಮಟ ಕಣ್ಣಿಗೆ ಕಾಣ್ತದೆ, ಅದಕ್ಕೆ ಟಿಕೆಟ್ ಇದೆ, ಕಾವಲಿದೆ. ಕರೇಜಿನ ಕಿಂಡಿ ಕಾಣೋದಿಲ್ಲ, ಹಾಗಾಗಿ ಅದರೊಳಗೆ ಕಸ ಬೀಳ್ತದೆ, ಮೇಲೆ ಮನೆ ಏಳ್ತದೆ. ನ್ಯೂಯಾರ್ಕಿನ ವರ್ಲ್ಡ್ ಮಾನ್ಯುಮೆಂಟ್ಸ್ ಫಂಡ್ 2020ರ ತನ್ನ ಪಟ್ಟಿಯಲ್ಲಿ ದಖ್ಖನ್ನಿನ ಹಳೇ ನೀರಿನ ವ್ಯವಸ್ಥೆಗಳನ್ನು ಸೇರಿಸಿತು. ಅಷ್ಟು ದೂರದವರಿಗೆ ಕಂಡದ್ದು ನಮಗೆ ಕಾಣಬಾರದಾ?

ಮುಂದಿನ ಸಲ ವಿಜಯಪುರಕ್ಕೆ ಹೋದರೆ ಗುಮ್ಮಟದಲ್ಲಿ ಕೂಗಿ ನಿಮ್ಮ ದನಿ ಕೇಳಿಸಿಕೊಳ್ರಿ, ಬ್ಯಾಡ ಅನ್ನೋದಿಲ್ಲ. ಆಮೇಲೆ ತೊರವಿ ಕಡೆ ಒಂದು ತಾಸು ಹೋಗಿ ಬರ್ರಿ. ನಿಮ್ಮೂರಲ್ಲೂ ಇಂಥ ಹಳೇ ಬಾವಿ, ಕೆರೆ ಇದ್ದರೆ ಅದು ಯಾರ ಹೆಸರಲ್ಲಿದೆ, ಹೂಳು ಕೊನೇ ಸಲ ಯಾವಾಗ ತೆಗೆದ್ರು, ಇವೆರಡನ್ನೂ ಪಂಚಾಯ್ತಿಯಲ್ಲಿ ವಿಚಾರಿಸ್ರಿ. ಮತ್ತೆ ಸಿಗೋಣ.