ಉಪ್ಪಿಗೆ ಏರಿಕೆ, ಬಟ್ಟೆಗೆ ವಿನಾಯಿತಿ: ಧಾತು ಬರದ ಬಳ್ಳಾರಿ ಮತ್ತು 1879ರ ಸುಂಕನೀತಿ

ಕನ್ನಡ ಶಾಸನಗಳನ್ನು ಅಭ್ಯಸಿಸುವವರಿಗೆ ‘ಮಾನ್ಯ’, ‘ಸರ್ವಮಾನ್ಯ’, ‘ಸರ್ವನಮಸ್ಯ’ ಎಂಬ ಪದಗಳು ಚಿರಪರಿಚಿತವಾದವು. ದೇವಾಲಯಕ್ಕೋ ಬಸದಿಗೋ ಮಠಕ್ಕೋ ಅಗ್ರಹಾರಕ್ಕೋ ದತ್ತಿಯಾಗಿ ಬಿಟ್ಟ ಭೂಮಿಯು ಕರಮುಕ್ತವಾಗಿರಲೆಂದು ಅರಸರೂ ಮಾಂಡಲಿಕರೂ ಆಜ್ಞಾಪಿಸಿದುದನ್ನು ಅವು ಸೂಚಿಸುತ್ತವೆ. ಕುರುಗೋಡನ್ನು ನೆಲೆಯಾಗಿಸಿಕೊಂಡು ಬಲ್ಲಕುಂದೆ ನಾಡನ್ನು ಆಳಿದ ಸಿಂದರ ಕಾಲದಿಂದ ವಿಜಯನಗರದ ಕಾಲದವರೆಗೆ ಬಳ್ಳಾರಿ ಸೀಮೆಯೂ ಈ ಪರಂಪರೆಗೆ ಹೊರತಾಗಿರಲಿಲ್ಲ. ಕರವನ್ನು ಬಿಟ್ಟುಕೊಟ್ಟವನ ಹೆಸರು, ಪಡೆದವನ ಹೆಸರು, ಬಿಟ್ಟ ಭೂಮಿಯ ಎಲ್ಲೆ ಇವಿಷ್ಟನ್ನೂ ಶಾಸನವು ವಿವರವಾಗಿ ದಾಖಲಿಸುತ್ತದೆ. ಆದರೆ ಹಾಗೆ ಬಿಟ್ಟುಕೊಟ್ಟ ಕರದಿಂದ ಉಂಟಾದ ಕೊರತೆಯನ್ನು ಯಾರು ತುಂಬಿದರು ಎಂಬುದನ್ನು ಯಾವ ಕಲ್ಲೂ ಹೇಳುವುದಿಲ್ಲ. ಕರವಿನಾಯಿತಿಯ ಚರಿತ್ರೆಯಲ್ಲಿ ಬರೆಯದೆ ಉಳಿದ ಈ ಅರ್ಧಭಾಗವನ್ನು ಆಧುನಿಕ ಕಾಲದ ದಾಖಲೆಗಳಿಂದ ಹೆಚ್ಚು ಸ್ಪಷ್ಟವಾಗಿ ಗುರುತಿಸಬಹುದು. ಅದಕ್ಕೆ 1877ರಿಂದ 1885ರವರೆಗಿನ ಅವಧಿಯು ಒಂದು ಮುಖ್ಯ ನಿದರ್ಶನವಾಗಿದೆ.

ದತ್ತಮಂಡಲದ ಹಿನ್ನೆಲೆ

1800ರಲ್ಲಿ ಹೈದರಾಬಾದಿನ ನಿಜಾಮನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಪ್ರದೇಶವೇ ದತ್ತಮಂಡಲ. ಬಳ್ಳಾರಿಯು ಅದರ ಭಾಗವಾಗಿತ್ತು. ಅದರ ಪ್ರಧಾನ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇಲ್ಲಿದ್ದು, ಹೊಲಹೊಲವನ್ನೂ ಅಳೆಸಿ ಕಂದಾಯವನ್ನು ಗೊತ್ತುಪಡಿಸಿದನು. ರೂಪನಗುಡಿ, ಮೋಕಾ ಸುತ್ತಿನ ಮಳೆಯಾಶ್ರಿತ ಎರೆಭೂಮಿ, ಮಸಾರಿ ನೆಲ, ತುಂಗಭದ್ರೆಯ ಕಾಲುವೆಗಳಿಂದ ನೀರುಣ್ಣುವ ಸಿರುಗುಪ್ಪ ಕಡೆಯ ಗದ್ದೆ ಇವೆಲ್ಲವುಗಳ ತರಗಳನ್ನು ಬೇರೆಬೇರೆಯಾಗಿ ನಿರ್ಣಯಿಸಬೇಕಾದ ಸೀಮೆಯಿದು.

ಈ ಕಂದಾಯವು ರೈತನಿಗೆ ಭಾರವಾಗಿದೆ ಎಂಬುದನ್ನು ಮನ್ರೋ ತಾನೇ ಒಪ್ಪಿಕೊಂಡನು. ಎಲ್ಲ ಭೂಮಿಯ ಮೇಲೂ ಶೇಕಡ 25ರಷ್ಟನ್ನು ಇಳಿಸಬೇಕು, ಬಾವಿಯಿಂದ ನೀರೆತ್ತಿ ಸಾಗು ಮಾಡುವ ಭೂಮಿಗೆ ಇನ್ನೂ ಹೆಚ್ಚಿನ ರಿಯಾಯಿತಿ ನೀಡಬೇಕು ಎಂದು 1807ರಲ್ಲಿ ಆತ ಮದ್ರಾಸ್ ಸರ್ಕಾರಕ್ಕೆ ಶಿಫಾರಸು ಮಾಡಿದನು. ಸರ್ಕಾರವು ಅದಕ್ಕೆ ಸಮ್ಮತಿಸಲಿಲ್ಲ. ಬದಲಾಗಿ ಇಡೀ ಗ್ರಾಮಗಳನ್ನು ಗುತ್ತಿಗೆದಾರರಿಗೆ ವಹಿಸುವ ಪದ್ಧತಿಯನ್ನು ಜಾರಿಗೆ ತಂದಿತು. ಆ ಗುತ್ತಿಗೆಗಳು ವಿಫಲಗೊಂಡು, ಮನ್ರೋ ಮದ್ರಾಸಿನ ಗವರ್ನರನಾಗಿ ಬಂದ 1820ರ ಸುಮಾರಿಗೆ ರೈತವಾರಿ ಪದ್ಧತಿಯೂ ಇಳಿಸಿದ ದರಗಳೂ ಮರಳಿ ಬಂದವು. ರೈತರೆಲ್ಲರಿಗೂ ಅನ್ವಯಿಸುವ ಒಂದು ಕರಕಡಿತವು ಕಡತದಿಂದ ಹೊಲಕ್ಕೆ ಇಳಿಯಲು ಹದಿಮೂರು ವರ್ಷಗಳು ಹಿಡಿದವೆಂಬುದನ್ನು ಇಲ್ಲಿ ನೆನಪಿನಲ್ಲಿಡಬೇಕು.

ಧಾತು ಸಂವತ್ಸರದ ಬರ

1876ರಲ್ಲಿ ಮಳೆಗಳು ಕೈಕೊಟ್ಟವು. ಅದು ಧಾತು ಸಂವತ್ಸರ. ಜನರು ಆ ಬರವನ್ನು ಸಂವತ್ಸರದ ಹೆಸರಿನಿಂದಲೇ ಕರೆದರು. ಜೋಳ, ಸಜ್ಜೆ, ನವಣೆಗಳನ್ನು ನಂಬಿದ್ದ ಬಳ್ಳಾರಿಯು ಮದ್ರಾಸ್ ಪ್ರಾಂತದಲ್ಲಿ ಅತ್ಯಂತ ಘೋರವಾಗಿ ಹಾನಿಗೊಂಡ ಜಿಲ್ಲೆಗಳಲ್ಲೊಂದಾಯಿತು. ಆಗ ಅನಂತಪುರವೂ ಇದೇ ಜಿಲ್ಲೆಗೆ ಸೇರಿತ್ತು. 1871ರ ಮತ್ತು 1881ರ ಜನಗಣತಿಗಳನ್ನು ಹೋಲಿಸಿದರೆ ಜಿಲ್ಲೆಯ ಜನಸಂಖ್ಯೆಯಲ್ಲಿ ಸುಮಾರು ಐದನೆಯ ಒಂದು ಪಾಲು ಕಡಿಮೆಯಾಗಿರುವುದು ಕಂಡುಬರುತ್ತದೆ. ಈ ಅಂಕಿಯಲ್ಲಿ ಸತ್ತವರೂ ಇದ್ದಾರೆ, ಊರು ಬಿಟ್ಟು ಮರಳದವರೂ ಇದ್ದಾರೆ, ಹುಟ್ಟದೆ ಉಳಿದ ಮಕ್ಕಳ ಲೆಕ್ಕವೂ ಇದೆ.

1877ರ ಆರಂಭದಲ್ಲಿ ಭಾರತ ಸರ್ಕಾರದ ಪ್ರತಿನಿಧಿಯಾಗಿ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ವೆಚ್ಚವನ್ನು ತಗ್ಗಿಸುವ ಉದ್ದೇಶದಿಂದ ಬರಗಾಮಗಾರಿಯ ಕೂಲಿಯನ್ನು ದಿನಕ್ಕೆ ಒಂದು ಪೌಂಡ್ ಧಾನ್ಯ ಮತ್ತು ಅಲ್ಪ ಚಿಲ್ಲರೆ ಕಾಸಿಗೆ ಇಳಿಸಿದನು. ಕಲ್ಲು ಒಡೆಯುವ, ಮಣ್ಣು ಹೊರುವ ವಯಸ್ಕನಿಗೆ ಇದು ಸಾಲದೆಂದು ಮದ್ರಾಸಿನ ಸ್ಯಾನಿಟರಿ ಕಮಿಷನರ್ ಆಗಿದ್ದ ಡಾ. ಡಬ್ಲ್ಯು. ಆರ್. ಕಾರ್ನಿಷ್ ಬಹಿರಂಗವಾಗಿ ವಾದಿಸಿದನು. ಕೆಲವು ತಿಂಗಳ ಬಳಿಕ ಕೂಲಿಯನ್ನು ಹೆಚ್ಚಿಸಲಾಯಿತು. ಅದೇ ವರ್ಷದ ಆಗಸ್ಟ್ ಅಂತ್ಯದಲ್ಲಿ ವೈಸರಾಯ್ ಲಾರ್ಡ್ ಲಿಟ್ಟನ್ ದಕ್ಷಿಣಕ್ಕೆ ಬಂದು, ಮದ್ರಾಸಿನ ಗವರ್ನರ್ ಬಕಿಂಗ್‌ಹ್ಯಾಮ್ ಡ್ಯೂಕನನ್ನು ಬಳ್ಳಾರಿಯಲ್ಲಿಯೇ ಭೇಟಿಯಾದನು. ಬರದ ಸ್ಥಿತಿ ಏನೆಂಬುದು ಕಲ್ಕತ್ತೆಗೆ ತಿಳಿದಿರಲಿಲ್ಲವೆಂದು ಹೇಳಲು ಇದರಿಂದಾಗಿ ಅವಕಾಶವಿಲ್ಲ.

ಕೊರತೆಯನ್ನು ತುಂಬಿದವರು

ಬರಪರಿಹಾರಕ್ಕೆ ತಗುಲಿದ ವೆಚ್ಚದಿಂದ ಬೊಕ್ಕಸವು ಬರಿದಾಯಿತು. ಮುಂದಿನ ಬರಗಳಿಗಾಗಿ ವರ್ಷಕ್ಕೆ ಒಂದೂವರೆ ಕೋಟಿ ರೂಪಾಯಿಯನ್ನು ಮೀಸಲಿಡುವ ‘ಬರವಿಮೆ’ ಯೋಜನೆಯನ್ನು ಹಣಕಾಸಿನ ಸದಸ್ಯ ಸರ್ ಜಾನ್ ಸ್ಟ್ರೇಚಿ ಮುಂದಿಟ್ಟನು. ಇದರ ಉದ್ದೇಶವು ಒಪ್ಪತಕ್ಕದ್ದೇ ಆಗಿತ್ತು. ಹಣ ಬಂದ ದಾರಿಯನ್ನು ನೋಡಿದಾಗ ಮಾತ್ರ ಪ್ರಶ್ನೆ ಏಳುತ್ತದೆ.

ಮೊದಲನೆಯದು 1878ರ ಲೈಸೆನ್ಸ್ ತೆರಿಗೆ. ಇದು ವ್ಯಾಪಾರಿಗಳ ಮತ್ತು ಕಸುಬುದಾರರ ಮೇಲೆ ಬಿದ್ದಿತು. ಆರಂಭದಲ್ಲಿ ಅಲ್ಪ ವರಮಾನದ ಅಂಗಡಿಕಾರರನ್ನೂ ಕುಶಲಕರ್ಮಿಗಳನ್ನೂ ಅದು ಬಿಡಲಿಲ್ಲ. ಆದರೆ ಸಂಬಳ ಪಡೆಯುವ ಸರ್ಕಾರಿ ಅಧಿಕಾರಿಗಳು ಮತ್ತು ವಕೀಲರೇ ಮೊದಲಾದ ವೃತ್ತಿನಿರತರು ಅದರ ವ್ಯಾಪ್ತಿಗೆ ಬರಲಿಲ್ಲ. ದೊಡ್ಡ ವರ್ತಕರು ಕೊಡಬೇಕಾದ ಮೊತ್ತಕ್ಕೆ ಒಂದು ಮೇಲ್ಮಿತಿಯಿದ್ದುದರಿಂದ, ವರಮಾನವು ಏರಿದಷ್ಟೂ ತೆರಿಗೆಯ ಪ್ರಮಾಣವು ಕುಗ್ಗುತ್ತಿತ್ತು. ವರ್ಷಕ್ಕೆ 500 ರೂಪಾಯಿಗಿಂತ ಕಡಿಮೆ ಗಳಿಸುವವರನ್ನು ಇದರಿಂದ ಬಿಡುಗಡೆ ಮಾಡಿದ್ದು 1880ರಲ್ಲಿ.

ಎರಡನೆಯದು ಉಪ್ಪಿನ ಸುಂಕ. ಪ್ರಾಂತಗಳ ನಡುವಿನ ವ್ಯತ್ಯಾಸವನ್ನು ಸಮಗೊಳಿಸುವ ಹೆಸರಿನಲ್ಲಿ ಬಂಗಾಳ ಮತ್ತು ಉತ್ತರ ಭಾರತದ ದರವನ್ನು ಕೊಂಚ ಇಳಿಸಿ, ಮದ್ರಾಸ್ ಮತ್ತು ಮುಂಬಯಿ ಪ್ರಾಂತಗಳ ದರವನ್ನು ಏರಿಸಲಾಯಿತು. ಮದ್ರಾಸಿನಲ್ಲಿ ಮಣವೊಂದಕ್ಕೆ 1 ರೂಪಾಯಿ 13 ಆಣೆಯಷ್ಟಿದ್ದ ಸುಂಕವು 2 ರೂಪಾಯಿ 8 ಆಣೆಗೆ ಏರಿತು. ಬರದಿಂದ ಅತಿ ಹೆಚ್ಚು ನರಳಿದ ಎರಡು ಪ್ರಾಂತಗಳಲ್ಲಿಯೇ, ಬರವು ಇನ್ನೂ ಪೂರ್ಣವಾಗಿ ಮುಗಿಯುವ ಮೊದಲೇ, ಈ ಏರಿಕೆಯಾಯಿತು. ಉಪ್ಪನ್ನು ಉಣ್ಣುವ ಪ್ರಮಾಣದಲ್ಲಿ ಬಡವನಿಗೂ ಬಲ್ಲಿದನಿಗೂ ವ್ಯತ್ಯಾಸವು ಅತ್ಯಲ್ಪ. ಆದುದರಿಂದ ತಲೆಗೆ ತಲೆ ಸಮವಾಗಿ ಬೀಳುವ ಈ ಸುಂಕವು ಗಳಿಕೆಗೆ ಹೋಲಿಸಿದರೆ ಕೂಲಿಯವನಿಗೇ ಹೆಚ್ಚು ಭಾರವಾಗುತ್ತದೆ. ಬಳ್ಳಾರಿ ಸೀಮೆಯಲ್ಲಿ ಚೌಳು ಮಣ್ಣನ್ನು ನೀರಿನಲ್ಲಿ ಕರಗಿಸಿ, ಬಿಸಿಲಿಗೆ ಆರಿಸಿ ಉಪ್ಪು ತೆಗೆಯುವ ಕಸುಬು ಹಿಂದಿನಿಂದ ನಡೆದುಬಂದಿತ್ತು. ಸುಂಕದ ಉಪ್ಪಿನ ಮಾರಾಟಕ್ಕೆ ಅಡ್ಡಿಯಾಗುವ ಕಾರಣದಿಂದ ಉಪ್ಪಾರರ ಆ ಕಸುಬನ್ನೂ ಶತಮಾನದ ಕೊನೆಯ ದಶಕಗಳಲ್ಲಿ ಹತ್ತಿಕ್ಕಲಾಯಿತು. ಹೀಗಾಗಿ ಏರಿದ ಬೆಲೆಯಿಂದ ತಪ್ಪಿಸಿಕೊಳ್ಳುವ ದಾರಿಯೂ ಮುಚ್ಚಿಹೋಯಿತು.

ವಿನಾಯಿತಿಯನ್ನು ಪಡೆದವರು

ಇದೇ ಅವಧಿಯಲ್ಲಿ ಬೇರೊಂದು ಸುಂಕವು ಇಳಿಯತೊಡಗಿತ್ತು. ಇಂಗ್ಲೆಂಡಿನಿಂದ ಬರುವ ಹತ್ತಿಯ ಬಟ್ಟೆಯ ಮೇಲೆ ಭಾರತದಲ್ಲಿ ಶೇಕಡ 5ರಷ್ಟು ಆಮದು ಸುಂಕವಿದ್ದಿತು. ಮುಂಬಯಿಯ ಗಿರಣಿಗಳಿಗೆ ಇದು ರಕ್ಷಣೆಯಾಗುತ್ತಿದೆಯೆಂದು ಲ್ಯಾಂಕಷೈರಿನ ಗಿರಣಿ ಮಾಲೀಕರು ಆಕ್ಷೇಪಿಸುತ್ತ ಬಂದಿದ್ದರು. ಭಾರತದ ಹಣಕಾಸಿನ ಸ್ಥಿತಿಯು ಅವಕಾಶ ಕೊಟ್ಟೊಡನೆ ಈ ಸುಂಕವನ್ನು ರದ್ದುಪಡಿಸಬೇಕೆಂದು ಬ್ರಿಟಿಷ್ ಕಾಮನ್ಸ್ ಸಭೆಯು 1877ರ ಜುಲೈ 11ರಂದು ನಿರ್ಣಯಿಸಿತು. ಬಳ್ಳಾರಿಯ ಗಂಜಿಕೇಂದ್ರಗಳಲ್ಲಿ ಜನರು ಸಾಲುಗಟ್ಟಿದ್ದ ದಿನಗಳವು.

ಹಣಕಾಸಿನ ಸ್ಥಿತಿಯು ಅವಕಾಶ ಕೊಡಲಿಲ್ಲ. 1878ರ ನವೆಂಬರಿನಲ್ಲಿ ಆಫ್ಘನ್ ಯುದ್ಧವು ಆರಂಭವಾಯಿತು. ಬರಕ್ಕೆಂದು ವಿಧಿಸಿದ ತೆರಿಗೆಯ ಹಣವು ಬರಕ್ಕಾಗಿ ಉಳಿಯುತ್ತಿಲ್ಲವೆಂಬ ಅನುಮಾನವು ಪತ್ರಿಕೆಗಳಲ್ಲಿ ವ್ಯಕ್ತವಾಗತೊಡಗಿತು. ಅಂತಹ ಸನ್ನಿವೇಶದಲ್ಲಿ, 1879ರ ಮಾರ್ಚಿನಲ್ಲಿ, 30ನೆಯ ನಂಬರಿಗಿಂತ ನಯವಾದ ನೂಲಿಲ್ಲದ ಎಲ್ಲ ಒರಟು ಹತ್ತಿಬಟ್ಟೆಗೆ ಆಮದು ಸುಂಕದಿಂದ ವಿನಾಯಿತಿ ನೀಡಲಾಯಿತು. ಇದರಿಂದ ಬೊಕ್ಕಸಕ್ಕೆ ವರ್ಷಕ್ಕೆ ಸುಮಾರು ಎರಡು ಲಕ್ಷ ಪೌಂಡಿನ ನಷ್ಟವಾಗುವುದೆಂದು ಅಂದಾಜಿಸಲಾಗಿತ್ತು. ವೈಸರಾಯನ ಕಾರ್ಯಕಾರಿ ಮಂಡಳಿಯ ಬಹುಮತವು ಈ ಕ್ರಮವನ್ನು ವಿರೋಧಿಸಿತು. ಲಿಟ್ಟನ್ ತನ್ನ ವಿಶೇಷಾಧಿಕಾರವನ್ನು ಬಳಸಿ ಆ ಬಹುಮತವನ್ನು ತಳ್ಳಿಹಾಕಿದನು.

ಭಿನ್ನಮತ ಸೂಚಿಸಿದವರಲ್ಲಿ ಸರ್ ಅಲೆಗ್ಸಾಂಡರ್ ಆರ್ಬತ್‌ನಾಟ್ ಒಬ್ಬನು. ಮದ್ರಾಸ್ ಸೇವೆಯಿಂದ ಮೇಲೇರಿದ ಈ ಅಧಿಕಾರಿಯೇ 1881ರಲ್ಲಿ ಮನ್ರೋನ ಆಯ್ದ ಟಿಪ್ಪಣಿಗಳನ್ನು ಸಂಪಾದಿಸಿ ಪ್ರಕಟಿಸಿದನು. ದತ್ತಮಂಡಲದ ರೈತನಿಗೆ ಕಂದಾಯ ಇಳಿಸಬೇಕೆಂದು ಬರೆದವನ ಬರಹಗಳನ್ನು ಸಂಪಾದಿಸಿದವನೇ, ಅದೇ ಸೀಮೆಯು ಬರದಿಂದ ಚೇತರಿಸಿಕೊಳ್ಳುವ ಮುನ್ನ ಲ್ಯಾಂಕಷೈರಿಗೆ ದೊರೆತ ವಿನಾಯಿತಿಯನ್ನು ವಿರೋಧಿಸಿದ್ದನೆಂಬುದು ಗಮನಾರ್ಹ.

ಸರ್ಕಾರದ ಸಮರ್ಥನೆಯನ್ನೂ ಇಲ್ಲಿ ಪರಿಶೀಲಿಸಬೇಕು. ಸುಂಕವಿಲ್ಲದೆ ಬಟ್ಟೆಯು ಅಗ್ಗವಾಗುತ್ತದೆ, ಒರಟು ಬಟ್ಟೆಯನ್ನು ಉಡುವವರು ಬಡವರೇ ಆದುದರಿಂದ ಇದು ಬಡವರ ಪರವಾದ ಕ್ರಮವೆಂಬುದು ಆ ವಾದದ ತಿರುಳು. ಈ ಮಾತನ್ನು ಸುಲಭವಾಗಿ ಅಲ್ಲಗಳೆಯಲಾಗದು. ಆದರೆ ಬಡವನ ಹಿತವೇ ಗುರಿಯಾಗಿದ್ದರೆ ಮೊದಲು ಇಳಿಯಬೇಕಾದುದು ಉಪ್ಪಿನ ಸುಂಕವಾಗಿತ್ತು. ಬಟ್ಟೆಯನ್ನು ಕೊಳ್ಳುವುದನ್ನು ಮುಂದಿನ ವರ್ಷಕ್ಕೆ ತಳ್ಳಬಹುದು, ಉಪ್ಪನ್ನು ತಳ್ಳಲಾಗದು. ಅಲ್ಲದೆ ವಿನಾಯಿತಿಗಾಗಿ ಒತ್ತಾಯಿಸಿದವರು ಭಾರತದ ಬಡ ಗ್ರಾಹಕರಲ್ಲ, ಮ್ಯಾಂಚೆಸ್ಟರಿನ ವಾಣಿಜ್ಯ ಸಂಸ್ಥೆಗಳು. ಒರಟು ಬಟ್ಟೆಯೇ ನಮ್ಮ ಕೈಮಗ್ಗದವರ ಮತ್ತು ಆಗತಾನೆ ಬೆಳೆಯುತ್ತಿದ್ದ ದೇಶೀಯ ಗಿರಣಿಗಳ ಮುಖ್ಯ ಉತ್ಪನ್ನವಾಗಿತ್ತು. ಎರೆಭೂಮಿಯಲ್ಲಿ ಹತ್ತಿಯನ್ನು ಬೆಳೆದು, ಮಗ್ಗದಲ್ಲಿ ಬಟ್ಟೆ ನೇಯುತ್ತಿದ್ದ ಬಳ್ಳಾರಿಯಂತಹ ಜಿಲ್ಲೆಯಲ್ಲಿ ಬಟ್ಟೆಯನ್ನು ಕೊಳ್ಳುವ ಬಡವನಷ್ಟೇ ಸಹಜವಾಗಿ ಅದನ್ನು ನೇಯುವ ಬಡವನೂ ಇದ್ದನು.

ಅಸಮಾಧಾನದ ಹಾದಿ

ಈ ನೀತಿಯ ವಿರುದ್ಧ ಜನರ ಅಸಮಾಧಾನವು ಹಲವು ರೂಪಗಳಲ್ಲಿ ಹೊರಬಿದ್ದಿತು. ಲೈಸೆನ್ಸ್ ತೆರಿಗೆಯನ್ನು ಪ್ರತಿಭಟಿಸಿ 1878ರ ಏಪ್ರಿಲಿನಲ್ಲಿ ಸೂರತ್ತಿನ ವರ್ತಕರು ಅಂಗಡಿಗಳನ್ನು ಮುಚ್ಚಿದರು. ಅದು ಗಲಭೆಯಾಗಿ ಪರಿಣಮಿಸಿತು. ಬಟ್ಟೆಯ ಸುಂಕವನ್ನು ಇಳಿಸಿದುದರ ವಿರುದ್ಧ ಕಲ್ಕತ್ತೆಯಲ್ಲಿ ಇಂಡಿಯನ್ ಅಸೋಸಿಯೇಷನ್ ಹೋರಾಟ ನಡೆಸಿತು. ಬರದಲ್ಲಿ ಬದುಕುಳಿದ ಬಳ್ಳಾರಿಯ ಕೂಲಿಕಾರನು ಮನವಿಪತ್ರವನ್ನು ಬರೆಯುವ ಸ್ಥಿತಿಯಲ್ಲಿರಲಿಲ್ಲ. ಆತನ ಪಾಲಿನ ಮಾತು ಜನಗಣತಿಯ ಅಂಕಿಯಲ್ಲಷ್ಟೇ ಉಳಿದಿದೆ.

1885ರ ಡಿಸೆಂಬರಿನಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ಸಿನ ಪ್ರಥಮ ಅಧಿವೇಶನದಲ್ಲಿ ಈ ಅಸಮಾಧಾನವು ಒಂದು ಖಚಿತ ಬೇಡಿಕೆಯ ರೂಪವನ್ನು ತಾಳಿತು. ಬಳ್ಳಾರಿಯಿಂದ ಎ. ಸಭಾಪತಿ ಮುದಲಿಯಾರ್ ಮತ್ತು ಕೋಲಾಚಲಂ ವೆಂಕಟರಾವ್ ಅದರಲ್ಲಿ ಪಾಲ್ಗೊಂಡಿದ್ದರು. ಸೈನಿಕ ವೆಚ್ಚವನ್ನು ತಗ್ಗಿಸಲು ಸಾಧ್ಯವಾಗದಿದ್ದರೆ, ರದ್ದುಪಡಿಸಿದ ಆಮದು ಸುಂಕಗಳನ್ನು ಮತ್ತೆ ವಿಧಿಸಬೇಕು, ಲೈಸೆನ್ಸ್ ತೆರಿಗೆಯಿಂದ ಅದುವರೆಗೆ ಹೊರಗುಳಿದಿದ್ದ ಅಧಿಕಾರಿ ಮತ್ತು ಅಧಿಕಾರಿಯೇತರ ವರ್ಗಗಳಿಗೂ ಆ ತೆರಿಗೆಯನ್ನು ವಿಸ್ತರಿಸಬೇಕು ಎಂಬುದು ಆ ಅಧಿವೇಶನದ ಆರನೆಯ ನಿರ್ಣಯದ ಸಾರ. ನಿರ್ಣಯವನ್ನು ಅಂಗೀಕರಿಸಿದವರಲ್ಲಿ ಅನೇಕರು ವಕೀಲರು. ಎಂದರೆ ತೆರಿಗೆಯಿಂದ ಹೊರಗುಳಿದಿದ್ದ ವರ್ಗಕ್ಕೇ ಸೇರಿದವರು. ತಮ್ಮ ಮೇಲೂ ತೆರಿಗೆಯನ್ನು ಹಾಕಿರಿ ಎಂದು ಅವರು ಕೇಳಿದುದು ಈ ಚರಿತ್ರೆಯ ಅತ್ಯಂತ ಗೌರವಾರ್ಹವಾದ ಘಟ್ಟವಾಗಿದೆ.

ಫಲವು ಅರ್ಧವಾಗಿ ಮಾತ್ರ ದೊರೆಯಿತು. 1882ರಲ್ಲಿಯೇ, ಲಾರ್ಡ್ ರಿಪ್ಪನ್ನನ ಕಾಲದಲ್ಲಿ, ಉಪ್ಪಿನ ಸುಂಕವನ್ನು ಮಣಕ್ಕೆ 2 ರೂಪಾಯಿಗೆ ಇಳಿಸಲಾಗಿತ್ತು. ಆದರೆ ಅದೇ ವರ್ಷ ಬಟ್ಟೆಯ ಮೇಲೆ ಉಳಿದಿದ್ದ ಸುಂಕವನ್ನೂ ಇತರ ಬಹುತೇಕ ಆಮದು ಸುಂಕಗಳನ್ನೂ ಸಂಪೂರ್ಣವಾಗಿ ತೆಗೆದುಹಾಕಲಾಯಿತು. 1886ರ ಆದಾಯ ತೆರಿಗೆಯು ಸಂಬಳದಾರರನ್ನೂ ವೃತ್ತಿನಿರತರನ್ನೂ ಒಳಗೊಂಡಿತು. 1888ರಲ್ಲಿ ಹಣದ ಮುಗ್ಗಟ್ಟು ಮತ್ತೆ ತಲೆದೋರಿದಾಗ ಸರ್ಕಾರವು ಪುನಃ ಉಪ್ಪಿನತ್ತಲೇ ತಿರುಗಿ, ಸುಂಕವನ್ನು 2 ರೂಪಾಯಿ 8 ಆಣೆಗೆ ಏರಿಸಿತು. ಬಟ್ಟೆಯ ಆಮದು ಸುಂಕವು 1894ರ ಕೊನೆಗೆ ಮರಳಿತಾದರೂ, ಅದರ ಪ್ರಯೋಜನವು ದೇಶೀಯ ಗಿರಣಿಗಳಿಗೆ ದಕ್ಕದಂತೆ ಅವುಗಳ ಉತ್ಪನ್ನದ ಮೇಲೆಯೂ ಅಬಕಾರಿ ಸುಂಕವನ್ನು ಹೇರಲಾಯಿತು. ಆ ಹೊರೆಯು 1925ರವರೆಗೂ ಮುಂದುವರಿಯಿತು.

ತೆರಿಗೆಯ ಇಳಿಕೆಯು ಸ್ವತಃ ಒಳಿತೂ ಅಲ್ಲ, ಕೆಡುಕೂ ಅಲ್ಲ ಎಂಬುದು ಈ ಘಟನಾವಳಿಯಿಂದ ತಿಳಿದುಬರುತ್ತದೆ. 1807ರ ಮನ್ರೋನ ಶಿಫಾರಸೂ ಕರಕಡಿತವೇ, 1879ರ ಲಿಟ್ಟನ್ನನ ಆಜ್ಞೆಯೂ ಕರಕಡಿತವೇ. ಮೊದಲನೆಯದರ ಫಲಾನುಭವಿಗಳು ಮದ್ರಾಸಿನ ಕಚೇರಿಯಲ್ಲಿ ಬಾಯಿಯಿಲ್ಲದ ರೈತರಾಗಿದ್ದುದರಿಂದ ಅದು ಹದಿಮೂರು ವರ್ಷ ಕಾಯಬೇಕಾಯಿತು. ಎರಡನೆಯದರ ಫಲಾನುಭವಿಗಳಿಗೆ ಪಾರ್ಲಿಮೆಂಟಿನಲ್ಲಿ ದನಿಯಿದ್ದುದರಿಂದ ಅದು ಯುದ್ಧ ಮತ್ತು ಬರಗಳ ನಡುವೆಯೂ ಎರಡು ವರ್ಷಗಳೊಳಗೆ ಜಾರಿಗೆ ಬಂದಿತು. ಆದುದರಿಂದ ಕರವಿನಾಯಿತಿಯ ದಾಖಲೆಯನ್ನು, ಅದು ಶಾಸನವಾಗಿರಲಿ ಸರ್ಕಾರಿ ಅಧಿಸೂಚನೆಯಾಗಿರಲಿ, ಒಂಟಿಯಾಗಿ ಓದಬಾರದು. ಅದೇ ವರ್ಷ ಯಾವ ಕರವು ಏರಿತು, ಅದನ್ನು ಯಾರು ತೆತ್ತರು ಎಂಬ ಲೆಕ್ಕವನ್ನು ಪಕ್ಕದಲ್ಲಿಟ್ಟುಕೊಂಡಾಗಲೇ ಅದರ ಅರ್ಥವು ಪೂರ್ಣವಾಗುತ್ತದೆ. 1879ರ ಬಟ್ಟೆಯ ವಿನಾಯಿತಿಯ ಪಕ್ಕದಲ್ಲಿ ಇಡಬೇಕಾದುದು ಬಳ್ಳಾರಿಯವರು ಉಪ್ಪಿನ ಮಣವೊಂದಕ್ಕೆ ಹೆಚ್ಚಾಗಿ ತೆತ್ತ ಹನ್ನೊಂದು ಆಣೆಗಳನ್ನು.