ತೊಟ್ಟಿಯೊಳಗಿನ ಚಿಟಿಕೆ ಲೋಹ

1943ರಲ್ಲಿ ಟ್ರೇಸಿ ಎಂಬ ಬಾಲಕಿ ಕಾಲಿನ ಮೂಳೆ ಮುರಿದುಕೊಂಡು ನ್ಯೂಯಾರ್ಕಿನ ಆಸ್ಪತ್ರೆಯೊಂದನ್ನು ಸೇರಿದಳು. ಅವಳ ಗಾಯದಿಂದ ತೆಗೆದ ಅಂಶವನ್ನು ಬಾಲ್ಬಿನಾ ಜಾನ್ಸನ್ ಎಂಬಾಕೆ ಪೋಷಕದ್ರವದಲ್ಲಿ ಬೆಳೆಸಿದಾಗ ರೋಗಕಾರಕ ಏಕಾಣುಗಳು ಕಾಣದಾದವು. ಜೊತೆಗಿದ್ದ ಬೇರೊಂದು ದಂಡಾಣು ಅವನ್ನು ಅಡಗಿಸಿತ್ತು. ಬ್ಯಾಸಿಲಸ್ ಎಂಬ ಅದರ ಕುಲನಾಮಕ್ಕೆ ಹುಡುಗಿಯ ಹೆಸರನ್ನು ಹೊಂದಿಸಿ, 1945ರಲ್ಲಿ ಅದರ ಸ್ರಾವವನ್ನು ಬ್ಯಾಸಿಟ್ರಾಸಿನ್ ಎಂದು ಪ್ರಕಟಿಸಿದರು. ರೋಗಿಯ ನೆನಪು ಔಷಧದ ಹೆಸರಿನಲ್ಲಿ ಉಳಿಯುವುದು ಅಪೂರ್ವವೇ ಸರಿ.

ಔಷಧವನ್ನು ಕಂಡುಹಿಡಿಯುವುದು ಒಂದು ಮಾತು, ತೊಟ್ಟಿಗಟ್ಟಲೆ ತಯಾರಿಸುವುದು ಇನ್ನೊಂದು. ಸಕ್ಕರೆಯೂ ಸಾರಜನಕವೂ ಸಮೃದ್ಧವಾಗಿದ್ದು ದಂಡಾಣು ದಟ್ಟವಾಗಿ ಬೆಳೆದರೂ ಔಷಧ ಮಾತ್ರ ಕೈಗೆ ಹತ್ತದೆ ಹೋಗಬಹುದು. ಇದರ ಗುಟ್ಟಿನ ಒಂದು ಎಳೆ ಹಳೆಯದು. 1869ರಷ್ಟು ಹಿಂದೆಯೇ ಪಾಶ್ಚರನ ಶಿಷ್ಯ ಜೂಲ್ಸ್ ರೋಲಾಂ, ಲೇಶಮಾತ್ರ ಸತುವಿಲ್ಲದಿದ್ದರೆ ಕಪ್ಪು ಬೂಷ್ಟಿನ ಫಸಲು ಕುಸಿಯುವುದನ್ನು ತೋರಿಸಿದ್ದ.

ದಂಡಾಣುವಿಗೆ ಬೇಕಾದ ಲೋಹ ಮ್ಯಾಂಗನೀಸು. ಅದಿಲ್ಲದೆ ಈ ಕುಲದ ಜೀವಿಗಳು ಬೀಜಕಗಳನ್ನು ಕಟ್ಟಲಾರವೆಂದು 1951ರಲ್ಲಿ ತಿಳಿಯಿತು. 1964ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಯೂಜೀನ್ ವೈನ್‌ಬರ್ಗ್ ಇನ್ನೊಂದು ಹೆಜ್ಜೆ ಮುಂದೆ ಹೋದರು: ಬರಿಯ ಬೆಳವಣಿಗೆಗೆ ಸಾಲುವಷ್ಟು ಮ್ಯಾಂಗನೀಸು ಬೀಜಕಕ್ಕೂ ಜೀವಿರೋಧಕಕ್ಕೂ ಸಾಲದು. ಆಹಾರ ಕುಂದಿ, ಬೆಳವಣಿಗೆ ನಿಂತ ಮೇಲಿನ ಕೆಲಸಗಳು ಇವು; ಜೀವಿಯ ಸಂಸಾರದ ಎರಡನೆಯ ಅಧ್ಯಾಯವೆನ್ನಬಹುದು. ಇಲ್ಲಿಯೇ ಲೋಹದ ಲೆಕ್ಕ ಬಿಗಿಯಾಗುತ್ತದೆ. ಕಡಿಮೆಯಾದರೆ ಔಷಧವಿಲ್ಲ, ಹೆಚ್ಚಾದರೆ ಲೋಹವೇ ವಿಷ. ಸ್ಟ್ರೆಪ್ಟೊಮೈಸಿನ್ ತಯಾರಿಸುವ ಮಣ್ಣಿನ ಜೀವಿಗೂ ಸತು, ಕಬ್ಬಿಣಗಳು ಬೇಕೆಂದು 1951ರಲ್ಲಿಯೇ ವರದಿಯಾಗಿತ್ತು.

ಕಷ್ಟವೆಂದರೆ, ಈ ಲೋಹಗಳು ಆಹ್ವಾನವಿಲ್ಲದೆಯೂ ಬರುತ್ತವೆ. ನಲ್ಲಿಯ ನೀರಿನಲ್ಲಿ, ಪಾತ್ರೆಯ ಉಕ್ಕಿನಲ್ಲಿ, ಮುಸುಕಿನ ಜೋಳ ನೆನೆಸಿದ ನೀರಿನಲ್ಲಿ ಅವು ಅವಿತಿರುತ್ತವೆ. ಆದುದರಿಂದ ಒಂದು ಕಡೆ ಫಲಿಸಿದ ಪಾಕ ಇನ್ನೊಂದು ಕಡೆ ಕೈಕೊಡಬಹುದು. ಗಡಸುನೀರಿನ ಊರಿಗೆ ವರ್ಗವಾದ ಮನೆಯಾಕೆ ಬೇಳೆ ಬೇಯಲಿಲ್ಲವೆಂದು ಪೇಚಾಡುವುದು ಪ್ರಯೋಗಶಾಲೆಯವರಿಗೂ ಅರ್ಥವಾದೀತು.

ಸಿದ್ಧವಾದ ಮೇಲೂ ಬ್ಯಾಸಿಟ್ರಾಸಿನ್ನಿಗೆ ಲೋಹದ ನಂಟು ತಪ್ಪದು. ಏಕಾಣುವಿನ ಕೋಶಭಿತ್ತಿಗೆ ಇಟ್ಟಿಗೆ ಹೊರುವ ಕೊಬ್ಬಿನ ಅಣುವನ್ನು ಅದು ಹಿಡಿದು ನಿಲ್ಲಿಸುವುದು ಸತುವಿನಂಥ ಅಯಾನಿನ ನೆರವಿನಿಂದ. ಸತುವಿನೊಡನೆ ಕೂಡಿದ ರೂಪವೇ ಹೆಚ್ಚು ಕಾಲ ಕೆಡದೆ ಉಳಿಯುತ್ತದೆ. ಚುಚ್ಚುಮದ್ದಾಗಿ ಕೊಟ್ಟಾಗ ಅದು ಮೂತ್ರಪಿಂಡಗಳಿಗೆ ಹಾನಿ ಮಾಡಿತು. 2020ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಆ ರೂಪವನ್ನು ಮಾರುಕಟ್ಟೆಯಿಂದ ಹಿಂತೆಗೆಯುವಂತೆ ತಯಾರಕರನ್ನು ಕೇಳಿದರು. ಚರ್ಮದ ಗಾಯಕ್ಕೆ ಹಚ್ಚುವ ಮುಲಾಮಿನಲ್ಲಿ ಅದು ಇಂದಿಗೂ ಇದೆ, ಸತುವನ್ನು ಜೊತೆಯಲ್ಲಿಟ್ಟುಕೊಂಡೇ.