ಆ ಕು ಮತ್ತು ಕರಯುಕಿ-ಸಾನ್: ವಸಾಹತು ಸಿಂಗಪುರದ ವೇಶ್ಯಾವಾಟಿಕೆಗಳ ಸಾಮಾಜಿಕ ಇತಿಹಾಸ

ಸಿಂಗಪುರದ ಲಿಟಲ್ ಇಂಡಿಯಾದಿಂದ ದಕ್ಷಿಣಕ್ಕೆ ಸ್ವಲ್ಪ ದೂರ ನಡೆದರೆ ಬೂಗಿಸ್ ಜಂಕ್ಷನ್ ಎಂಬ ವಾಣಿಜ್ಯ ಸಂಕೀರ್ಣ ಸಿಗುತ್ತದೆ. ಅದರ ಗಾಜಿನ ಮಾಡಿನ ಕೆಳಗೆ ಅಡ್ಡಾಡುವವರು ನಡೆಯುವುದು ಹಳೆಯ ಬೀದಿಗಳ ಮೇಲೆಯೇ. ಮಲಯ್ ಸ್ಟ್ರೀಟ್, ಹೈಲಮ್ ಸ್ಟ್ರೀಟ್, ಮಲಬಾರ್ ಸ್ಟ್ರೀಟ್ ಎಂಬ ಹೆಸರುಗಳು ಅಲ್ಲಿ ಇಂದಿಗೂ ಉಳಿದಿವೆ. 20ನೆಯ ಶತಮಾನದ ಆರಂಭದಲ್ಲಿ ಇವು ಜಪಾನೀ ವೇಶ್ಯಾಗೃಹಗಳ ಬೀದಿಗಳಾಗಿದ್ದವು. ಸಿಂಗಪುರ ನದಿಯ ಆಚೆ, ಇಂದಿನ ಚೈನಾಟೌನಿನ ಸ್ಮಿತ್ ಸ್ಟ್ರೀಟ್ ಮತ್ತು ಸಾಗೊ ಸ್ಟ್ರೀಟುಗಳಲ್ಲಿ ಚೀನೀ ಹೆಂಗಸರ ಮನೆಗಳಿದ್ದವು.

ಈ ಹೆಂಗಸರನ್ನು ಕರೆಯುತ್ತಿದ್ದ ಹೆಸರುಗಳಲ್ಲಿ ತಿರಸ್ಕಾರವಿರಲಿಲ್ಲವೆಂಬುದು ಗಮನಾರ್ಹ. 'ಆ ಕು' ಎಂಬುದು ಕ್ಯಾಂಟನೀಸ್ ನುಡಿಯಲ್ಲಿ ಹೆಂಗಸರನ್ನು ಮರ್ಯಾದೆಯಿಂದ ಸಂಬೋಧಿಸುವ ಮಾತು. ತಂದೆಯ ಸೋದರಿಗೂ ಅದೇ ಪದ. 'ಕರಯುಕಿ-ಸಾನ್' ಎಂದರೆ ಜಪಾನಿ ಭಾಷೆಯಲ್ಲಿ ಕಡಲಾಚೆಯ ನಾಡಿಗೆ ಹೋದವಳು. 'ಸಾನ್' ನಮ್ಮ 'ಅವರು' ಇದ್ದಂತೆ, ಗೌರವಸೂಚಕ.

1819ರಲ್ಲಿ ಬ್ರಿಟಿಷರು ಇಲ್ಲಿ ವ್ಯಾಪಾರಠಾಣ್ಯ ತೆರೆದ ಮೇಲೆ ಹರಿದುಬಂದ ಜನರಲ್ಲಿ ಬಹುಪಾಲು ಒಂಟಿ ಗಂಡಸರು: ಹಡಗುಕಟ್ಟೆಯ ಕೂಲಿಗಳು, ರಿಕ್ಷಾ ಎಳೆಯುವವರು, ತೋಟದ ಆಳುಗಳು, ನಾವಿಕರು, ಸಿಪಾಯಿಗಳು. 1884ರ ಸುಮಾರಿಗೆ ಊರಿನ ಚೀನೀಯರಲ್ಲಿ ಗಂಡಸರು ಸುಮಾರು 60,000, ಹೆಂಗಸರು ಸುಮಾರು 6,600. ಆ ಹೆಂಗಸರಲ್ಲಿ 2,000ದಷ್ಟು ಮಂದಿ ವೇಶ್ಯಾವೃತ್ತಿಯಲ್ಲಿದ್ದರೆಂಬುದು ಆಗಿನ ಅಂದಾಜು. ಹೆಂಡತಿಮಕ್ಕಳನ್ನು ಸಾಕುವಷ್ಟು ಕೂಲಿ ಕೊಡದೆ ಗಂಡಸಿನ ದುಡಿಮೆಯನ್ನಷ್ಟೇ ಬಯಸಿದ ಬಂದರು ಇದು. ವೇಶ್ಯಾಗೃಹಗಳು ಆ ವ್ಯವಸ್ಥೆಯ ವಿಕೃತಿಯಾಗಿರಲಿಲ್ಲ, ಅದರ ಅಂಗವೇ ಆಗಿದ್ದವು.

ಅತ್ತ ದಕ್ಷಿಣ ಚೀನದ ಹಳ್ಳಿಗಳಲ್ಲಿ ದಂಗೆ, ಬರ, ಸಾಲ. ಇತ್ತ ಜಪಾನಿನ ಕ್ಯೂಶು ದ್ವೀಪದ ಅಮಾಕುಸ, ಶಿಮಾಬರ ಪ್ರದೇಶಗಳಲ್ಲಿ ತುಂಡು ಭೂಮಿ, ತುಂಬಿದ ಮನೆ. ದಲ್ಲಾಳಿಗಳು ಮುಂಗಡ ಕೊಟ್ಟು ಹೆಣ್ಣುಮಕ್ಕಳನ್ನು ಹಡಗು ಹತ್ತಿಸಿದರು. ಕೆಲವರಿಗೆ ಹೋಗುವುದು ಯಾವ ಕೆಲಸಕ್ಕೆಂದು ತಿಳಿದಿತ್ತು. ಹಲವರಿಗೆ ಮನೆಗೆಲಸವೆಂದೋ ಮದುವೆಯೆಂದೋ ಹೇಳಲಾಗಿತ್ತು.

ಚೀನೀ ಮನೆಗಳ ಒಳವ್ಯವಸ್ಥೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಮನೆಯ ಒಡತಿಗೆ 'ಕ್ವಾಯ್ ಪೊ' ಎಂದು ಹೆಸರು. ಅವಳ ಕೈಕೆಳಗಿನವರಲ್ಲಿ ಮೂರು ಬಗೆ. 'ಕಾಂಗ್ ಚು' ಎಂದರೆ ಪೂರ್ತಿ ಮಾರಾಟವಾದವಳು, ಅವಳ ಗಳಿಕೆಯೆಲ್ಲ ಒಡತಿಯದು. 'ಪಾಂಗ್ ನಿನ್' ಎಂದರೆ ಒತ್ತೆಯಿಟ್ಟವಳು. ತಂದೆತಾಯಿ ಪಡೆದ ಹಣ ತೀರುವ ತನಕ ದುಡಿಯಬೇಕು, ಆದರೆ ಬಟ್ಟೆ, ಒಡವೆ, ಔಷಧಿಯ ಖರ್ಚೆಲ್ಲ ಅದೇ ಲೆಕ್ಕಕ್ಕೆ ಸೇರುತ್ತಿದ್ದುದರಿಂದ ಸಾಲ ಬೆಳೆಯುತ್ತಲೇ ಇರುತ್ತಿತ್ತು. 'ತಾಪ್ ತಾಂಗ್' ಮಾತ್ರ ಸ್ವತಂತ್ರಳು. ಕೋಣೆಯನ್ನು ಬಳಸಿ, ಗಳಿಕೆಯಲ್ಲಿ ಒಡತಿಗೆ ಪಾಲು ಕೊಡುತ್ತಿದ್ದವಳು. ನಮ್ಮ ಜೀತಪದ್ಧತಿಯನ್ನು ಬಲ್ಲವರಿಗೆ ಈ ನಡುವಿನ ಲೆಕ್ಕ ಹೊಸದಲ್ಲ.

ಸರ್ಕಾರ ಇವರತ್ತ ಕಣ್ಣು ಹಾಯಿಸಿದ್ದು ಮೊದಲು ಸಿಪಾಯಿ ಮತ್ತು ನಾವಿಕರ ಆರೋಗ್ಯದ ಚಿಂತೆಯಿಂದ. 1868ರಲ್ಲಿ ಭಾರತದಲ್ಲಿ ಜಾರಿಗೆ ಬಂದಂಥದೇ ಸಾಂಕ್ರಾಮಿಕ ರೋಗಗಳ ಶಾಸನ 1870ರಲ್ಲಿ ಇಲ್ಲಿಗೂ ಬಂತು. ಮನೆಗಳೂ ಹೆಂಗಸರೂ ನೋಂದಣಿಯಾಗಬೇಕು, ಹೆಂಗಸರು ವೈದ್ಯಪರೀಕ್ಷೆಗೆ ಒಳಪಡಬೇಕು. ಗಿರಾಕಿಗಳಿಗೆ ಪರೀಕ್ಷೆಯಿಲ್ಲ! ಇಂಗ್ಲೆಂಡಿನಲ್ಲಿ ಜೋಸೆಫೀನ್ ಬಟ್ಲರ್ ನೇತೃತ್ವದ ಚಳವಳಿ 1886ರಲ್ಲಿ ಅಲ್ಲಿನ ಕಾನೂನನ್ನು ರದ್ದುಮಾಡಿಸಿತು. ಅದರ ಬೆನ್ನಿಗೇ ಇಲ್ಲಿನದೂ ಹೋಯಿತು. ಅಷ್ಟರಲ್ಲಿ, 1877ರಲ್ಲಿ ವಿಲಿಯಂ ಪಿಕರಿಂಗ್ ಮುಖ್ಯಸ್ಥನಾಗಿ ಚೀನೀ ಸಂರಕ್ಷಣಾ ಕಚೇರಿ ಆರಂಭವಾಗಿತ್ತು. ಚೀನೀ ಭಾಷೆ ಬಲ್ಲ ಈ ಅಧಿಕಾರಿಯ ಕಚೇರಿ, ಬಂದಿಳಿದ ಹೆಂಗಸರನ್ನು ಸ್ವಇಚ್ಛೆಯಿಂದ ಬಂದಿರೇ ಎಂದು ವಿಚಾರಿಸುತ್ತಿತ್ತು. ದಲ್ಲಾಳಿ ಕಲಿಸಿಕೊಟ್ಟ ಉತ್ತರವನ್ನೇ ಹೇಳುವವಳ ಮುಂದೆ ಆ ಪ್ರಶ್ನೆಗೆ ಎಷ್ಟು ಬೆಲೆ? ಆದರೂ ತಪ್ಪಿಸಿಕೊಂಡು ಬಂದವರಿಗೆ ಒಂದು ಬಾಗಿಲಂತೂ ತೆರೆಯಿತು: ಚೀನೀ ವರ್ತಕರ ನೆರವಿನ ಪೊ ಲಿಯಂಗ್ ಕುಕ್ ಆಶ್ರಯಧಾಮ. ಅಲ್ಲಿಂದ ಹೊರಹೋಗುವ ಹಾದಿ ಹೆಚ್ಚಾಗಿ ಮದುವೆಯದೇ ಆಗಿತ್ತು.

ಮುಂದಿನ ಬದಲಾವಣೆಗಳನ್ನು ತಂದದ್ದು ಅಂತರರಾಷ್ಟ್ರೀಯ ಮಾನಮರ್ಯಾದೆ. ಪ್ರಬಲ ರಾಷ್ಟ್ರವಾಗಿ ಬೆಳೆದ ಜಪಾನಿಗೆ ಮಲಯ್ ಸ್ಟ್ರೀಟಿನ ತನ್ನ ಹೆಣ್ಣುಮಕ್ಕಳು ಮುಜುಗರವಾದರು. 1920ರಲ್ಲಿ ಅದರ ಕಾನ್ಸುಲ್ ಆ ಮನೆಗಳನ್ನು ಮುಚ್ಚಿಸಿದ. ವರ್ಷಗಟ್ಟಲೆ ತವರಿಗೆ ಹಣ ಕಳಿಸಿದ್ದವರಲ್ಲಿ ಹಲವರು ಬರಿಗೈಯಲ್ಲಿ ಮರಳಿದರು, ಕೆಲವರು ಗುಟ್ಟಾಗಿ ವೃತ್ತಿ ಮುಂದುವರಿಸಿದರು. 1930ರಲ್ಲಿ ಬ್ರಿಟಿಷರು ಎಲ್ಲ ವೇಶ್ಯಾಗೃಹಗಳನ್ನೂ ಕಾನೂನುಬಾಹಿರಗೊಳಿಸಿದರು. ವೃತ್ತಿ ನಿಲ್ಲಲಿಲ್ಲ, ನೋಂದಣಿ ಮಾತ್ರ ನಿಂತಿತು. 1942ರಿಂದ 1945ರ ಆಕ್ರಮಣದ ಕಾಲದಲ್ಲಿ ಜಪಾನೀ ಸೇನೆ ಕೇರ್ನ್‌ಹಿಲ್ ರಸ್ತೆಯಂಥ ಕಡೆ ತನ್ನ ಸೈನಿಕರಿಗಾಗಿ ನಡೆಸಿದ 'ಸಾಂತ್ವನ ಗೃಹ'ಗಳು ಬೇರೆಯೇ ಜಾತಿಯ ಕ್ರೌರ್ಯ. ಅವನ್ನು ಈ ಕಥೆಯ ಮುಂದುವರಿಕೆಯೆಂದು ಬರೆಯುವುದು ತಪ್ಪಾಗುತ್ತದೆ. 1961ರ ಮಹಿಳಾ ಸನ್ನದು ವೇಶ್ಯಾಗೃಹ ನಡೆಸುವುದನ್ನೂ ಇನ್ನೊಬ್ಬರ ಲೈಂಗಿಕ ದುಡಿಮೆಯ ಮೇಲೆ ಬದುಕುವುದನ್ನೂ ಅಪರಾಧವಾಗಿಸಿತು, ವೃತ್ತಿಯನ್ನಲ್ಲ. ಇಂದಿಗೂ ಸಿಂಗಪುರದ ನಿಲುವು ಹೆಚ್ಚುಕಡಿಮೆ ಇದೇ.

ಇಷ್ಟೆಲ್ಲ ಶಾಸನಗಳ ನಡುವೆ ಆ ಹೆಂಗಸರ ಮಾತೆಲ್ಲಿ? ಹನ್ನೆರಡನೆಯ ಶತಮಾನದ ಸೂಳೆ ಸಂಕವ್ವೆಯ ಒಂದೇ ಒಂದು ವಚನವಾದರೂ ಕನ್ನಡಕ್ಕೆ ಉಳಿದಿದೆ; ತನ್ನ ವೃತ್ತಿಯ ಹೆಸರನ್ನು ಮುಚ್ಚಿಡದೆ, ಅದರ ನುಡಿಗಟ್ಟಿನಲ್ಲೇ ಆಕೆ ಶಿವನೊಡನೆ ಮಾತಾಡುತ್ತಾಳೆ. ಸಿಂಗಪುರದ ಆ ಕುಗಳು ತಾವೇ ಬರೆದಿಟ್ಟದ್ದು ಇಲ್ಲವೆನ್ನುವಷ್ಟು ಕಡಿಮೆ. ಇತಿಹಾಸಕಾರ ಜೇಮ್ಸ್ ಫ್ರಾನ್ಸಿಸ್ ವಾರೆನ್ ಅವರನ್ನು ಹುಡುಕಿದ್ದು ಅಸಹಜ ಸಾವುಗಳ ಬಗ್ಗೆ ಕೊರೊನರ್ ನಡೆಸಿದ ವಿಚಾರಣೆಗಳ ಕಡತಗಳಲ್ಲಿ. ಇದಕ್ಕೂ ಮೊದಲು ಅವರು ರಿಕ್ಷಾ ಎಳೆಯುವವರ ಇತಿಹಾಸ ಬರೆದವರು. 1993ರಲ್ಲಿ ಪ್ರಕಟವಾದ ಅವರ ಗ್ರಂಥ 1870ರಿಂದ 1940ರವರೆಗಿನ ಕಾಲವನ್ನು ಒಳಗೊಂಡಿದೆ. ಕೊಲೆಯಾದವಳು, ಅಫೀಮು ನುಂಗಿದವಳು. ಅವಳ ಬಗ್ಗೆ ಪಕ್ಕದ ಕೋಣೆಯ ಗೆಳತಿ, ಒಡತಿ, ಗಿರಾಕಿ ನುಡಿದ ಸಾಕ್ಷ್ಯ. ಬದುಕಿದ್ದಾಗ ಯಾರೂ ಕೇಳದ ವಿವರಗಳು ಸತ್ತ ಮರುದಿನ ಬರಹಕ್ಕೆ ಇಳಿದವು. ಆ ಸಾಕ್ಷ್ಯಗಳಲ್ಲಿ ಬರಿಯ ಬಲಿಪಶುಗಳಲ್ಲ, ಸಾಲದ ಲೆಕ್ಕವಿಟ್ಟ, ಊರಿಗೆ ಹಣ ಕಳಿಸಿದ, ಒಬ್ಬರಿಗೊಬ್ಬರು ಆಸರೆಯಾದ ದುಡಿಯುವ ಹೆಂಗಸರು ಕಾಣುತ್ತಾರೆ. ದುರಂತವಿಲ್ಲದೆ ಬದುಕಿ ಹೋದವರು ಮಾತ್ರ ಅಲ್ಲಿ ಕಾಣುವುದಿಲ್ಲ. ಈ ಮೂಲದ ಮಿತಿ ಅದು.

ಕರಯುಕಿ-ಸಾನ್‌ಗಳಿಗೆ ಇನ್ನೊಂದು ದಾಖಲೆಯುಂಟು. ಈಶಾನ್ಯದ ಹೌಗಾಂಗ್ ಬಡಾವಣೆಯಲ್ಲಿ ಜಪಾನೀ ಸ್ಮಶಾನವೊಂದಿದೆ. ದಿಕ್ಕಿಲ್ಲದೆ ಸತ್ತ ಈ ಹುಡುಗಿಯರ ಶವಸಂಸ್ಕಾರಕ್ಕೆಂದು 1891ರಲ್ಲಿ ಅದನ್ನು ಆರಂಭಿಸಿದವರಲ್ಲಿ ಪ್ರಮುಖ, ಅದೇ ವೇಶ್ಯಾಗೃಹಗಳಿಂದ ಹಣ ಮಾಡಿದ್ದ ಫುತಾಕಿ ತಾಗಾಜಿರೊ. ಭೂಮಿಯೂ ಅವನದೇ. ಅಲ್ಲಿರುವ 910 ಸಮಾಧಿಗಳಲ್ಲಿ ಯೋಧರ, ವರ್ತಕರ ಸ್ಮಾರಕಗಳೂ ಸೇರಿವೆ. ಹೆಣ್ಣುಮಕ್ಕಳವು ಹುಲ್ಲಿನ ನಡುವೆ ಸಾಲಾಗಿ ನಿಂತ ಚಿಕ್ಕ ಕಲ್ಲುಗಳು.